ಹೊರದೇಶಕ್ಕೆ ಹೊರಟ ಕುಟುಂಬಕ್ಕೆ ಯಾವ ಶಾಲೆ? ಪಠ್ಯಕ್ರಮಗಳ ಒಂದು ಹೋಲಿಕೆ

ಕೆಲಸದ ನಿಮಿತ್ತ ಸಂಸಾರ ಸಮೇತ ಬೇರೆ ದೇಶಕ್ಕೆ ಹೊರಡುವುದು ಖಚಿತವಾದ ಮೇಲೆ ತಂದೆತಾಯಿಗಳು ಮೊದಲು ವಿಚಾರಿಸುವುದು ಆ ಊರಿನ ಅತ್ಯುತ್ತಮ ಅಂತರರಾಷ್ಟ್ರೀಯ ಶಾಲೆ ಯಾವುದು ಎಂದು. ಈ ಪ್ರಶ್ನೆಗೆ ಉತ್ತರಗಳೇನೋ ಬೇಕಾದಷ್ಟು ಸಿಗುತ್ತವೆ. ಆದರೆ ಅವು ಬೇರೆ ಯಾರದೋ ಮಗುವಿಗೆ ಒಪ್ಪುವ ಉತ್ತರಗಳಾಗಿರುತ್ತವೆ. ಮೂರು ವರ್ಷಕ್ಕೆಂದು ಹೋಗಿ ಹಿಂದಿರುಗುವ ಕುಟುಂಬಕ್ಕೂ, ಒಂದು ದೇಶದಿಂದ ಇನ್ನೊಂದಕ್ಕೆ ವರ್ಗವಾಗುತ್ತಲೇ ಇರುವ ಕುಟುಂಬಕ್ಕೂ, ಹೋದಲ್ಲೇ ನೆಲೆಸುವ ಉದ್ದೇಶವಿರುವ ಕುಟುಂಬಕ್ಕೂ ಒಂದೇ ಶಾಲೆ ಸರಿಹೋಗಬೇಕೆಂದೇನೂ ಇಲ್ಲ. ಶಾಲೆಯನ್ನು ಸೇರುವ ಬಾಗಿಲಿನಿಂದ ನೋಡದೆ ಬಿಡುವ ಬಾಗಿಲಿನಿಂದ ನೋಡಬೇಕು ಎಂಬುದು ಈ ಬರಹದ ನಿಲುವು. ಅಲ್ಲಿಂದ ಹೊರಟ ಮಗು ಮುಂದೆ ಯಾವ ದೇಶದಲ್ಲಿ, ಯಾವ ಭಾಷೆಯಲ್ಲಿ, ಯಾವ ಪದ್ಧತಿಯಲ್ಲಿ ಓದು ಮುಂದುವರಿಸಲಿದೆ ಎಂಬುದು ಸ್ಥೂಲವಾಗಿಯಾದರೂ ಗೊತ್ತಿದ್ದರೆ ಹೋಲಿಕೆಯ ಅರ್ಧ ಕೆಲಸ ಮುಗಿದಂತೆ.

ಅಂತರರಾಷ್ಟ್ರೀಯ ಶಾಲೆಗಳು ಹುಟ್ಟಿಕೊಂಡದ್ದೇ ಈ ಇಕ್ಕಟ್ಟಿನಿಂದ. ರಾಷ್ಟ್ರ ಸಂಘ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ ದುಡಿಯಲು ನಾನಾ ದೇಶಗಳಿಂದ ಬಂದವರ ಮಕ್ಕಳಿಗಾಗಿ 1924ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಶಾಲೆಯೊಂದು ಆರಂಭವಾಯಿತು. ಅದೇ ವರ್ಷ ಯೊಕೊಹಾಮಾದಲ್ಲೂ ಅಂಥದೇ ಒಂದು ಶಾಲೆ ತೆರೆಯಿತು. ಒಂದೇ ಕೊಠಡಿಯಲ್ಲಿ ಕುಳಿತ ಮಕ್ಕಳು ಶಾಲೆ ಮುಗಿಸಿ ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯಗಳಿಗೆ ಹೋಗಬೇಕಾಗಿತ್ತು; ಒಬ್ಬೊಬ್ಬರನ್ನೂ ಒಂದೊಂದು ದೇಶದ ಪರೀಕ್ಷೆಗೆ ಪ್ರತ್ಯೇಕವಾಗಿ ಸಿದ್ಧಪಡಿಸುವುದು ಶಿಕ್ಷಕರಿಗೆ ಹೊರೆಯಾಗಿತ್ತು. ಎಲ್ಲ ದೇಶಗಳೂ ಒಪ್ಪಬಹುದಾದ ಒಂದು ಸಮಾನ ಡಿಪ್ಲೊಮಾ ಬೇಕೆಂಬ ಪ್ರಯತ್ನ ಅಲ್ಲಿಂದ ಬೆಳೆದು 1968ರಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್, ಅಂದರೆ ಐಬಿ, ಸಂಸ್ಥೆಯ ರೂಪ ಪಡೆಯಿತು. ಮೇಲಿನ ತರಗತಿಯ ಡಿಪ್ಲೊಮಾ ಮೊದಲು ಬಂತು, ಕೆಳಗಿನ ತರಗತಿಗಳ ಕಾರ್ಯಕ್ರಮಗಳು ಸೇರಿಕೊಂಡದ್ದು 1990ರ ದಶಕದಲ್ಲಿ ಎಂಬುದನ್ನು ಇಲ್ಲಿ ನೆನಪಿಡುವುದು ಒಳ್ಳೆಯದು. ಐಬಿಯ ನಿಜವಾದ ಬಲ ಇಂದಿಗೂ ಆ ಕೊನೆಯ ಎರಡು ವರ್ಷಗಳಲ್ಲೇ ಇದೆ.

ಮೊದಲು ವಯಸ್ಸಿನ ಲೆಕ್ಕ

ಹೋಲಿಕೆಗೆ ಕೈಹಾಕುವ ಮುನ್ನ ಪ್ರತಿಯೊಂದು ಮಗುವಿನ ಹೆಸರಿನ ಮುಂದೆ ಎರಡು ವಯಸ್ಸುಗಳನ್ನು ಬರೆದುಕೊಳ್ಳಬೇಕು: ಹೊರಡುವಾಗ ಎಷ್ಟು, ವಾಸ ಮುಗಿಯುವಾಗ ಎಷ್ಟು. ಆರರಿಂದ ಒಂಬತ್ತರವರೆಗಿನ ಅವಧಿ ಹೊರದೇಶದಲ್ಲಿ ಕಳೆಯುವುದಾದರೆ ಪಠ್ಯಕ್ರಮ ಯಾವುದು ಎಂಬುದಕ್ಕೆ ತಲೆಕೆಡಿಸಿಕೊಳ್ಳುವ ಅಗತ್ಯ ಕಡಿಮೆ. ಓದು, ಬರಹ, ಲೆಕ್ಕಗಳ ಬುನಾದಿ ಎಲ್ಲ ಪದ್ಧತಿಗಳಲ್ಲೂ ಬಹುಮಟ್ಟಿಗೆ ಒಂದೇ. ಈ ವಯಸ್ಸಿನಲ್ಲಿ ಶಾಲೆ ಮನೆಗೆ ಎಷ್ಟು ಹತ್ತಿರವಿದೆ, ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಹೊಸದಾಗಿ ಬಂದ ಮಗುವಿನ ಮಾತು ಶಿಕ್ಷಕರಿಗೆ ಅರ್ಥವಾಗುತ್ತದೆಯೇ ಎಂಬ ವಿಷಯಗಳೇ ಹೆಚ್ಚು ತೂಕದವು. ಹದಿನಾಲ್ಕರಿಂದ ಹದಿನೆಂಟರ ನಡುವಿನ ಮಗುವಿಗೆ ಈ ಕ್ರಮ ತಿರುವುಮುರುವಾಗುತ್ತದೆ. ಆಗ ಪಠ್ಯಕ್ರಮವೇ ಮೊದಲು, ಉಳಿದದ್ದೆಲ್ಲ ಆಮೇಲೆ.

ಹದಿನಾಲ್ಕು ದಾಟಿದ ಮಗುವಿನ ವಿಷಯದಲ್ಲಿ ತಪ್ಪಿಸಲೇಬೇಕಾದ ಎರಡು ಕಾಲಘಟ್ಟಗಳಿವೆ. ಬ್ರಿಟಿಷ್ ಪದ್ಧತಿಯ ಹತ್ತು ಮತ್ತು ಹನ್ನೊಂದನೆಯ ಇಯರ್‌ಗಳು, ಅಂದರೆ ತರಗತಿಗಳು, ಸೇರಿ ಹದಿನಾರರ ಸುಮಾರಿಗೆ ಬರೆಯುವ ಐಜಿಸಿಎಸ್‌ಇ ಪರೀಕ್ಷೆಯ ಒಂದೇ ಕೋರ್ಸ್ ಆಗುತ್ತವೆ. ನಡುವೆ ಬಂದ ಮಗು ಅರ್ಧ ಪಾಠ ಕಳೆದುಕೊಂಡೇ ಪರೀಕ್ಷೆಗೆ ಕೂರಬೇಕಾಗುತ್ತದೆ. ಐಬಿ ಡಿಪ್ಲೊಮಾ ಮತ್ತು ಬ್ರಿಟಿಷ್ ಪದ್ಧತಿಯ ಹದಿನೆಂಟರ ಪರೀಕ್ಷೆಯಾದ ಎ ಲೆವೆಲ್‌ಗಳ ಕೊನೆಯ ಎರಡು ವರ್ಷಗಳ ಸ್ಥಿತಿಯೂ ಇದೇ. ಎರಡೂ ಐಬಿ ಶಾಲೆಗಳೇ ಆಗಿದ್ದರೂ ಡಿಪ್ಲೊಮಾದ ನಡುವೆ ಶಾಲೆ ಬದಲಿಸುವುದು ಕಷ್ಟ. ಒಂದರಲ್ಲಿ ಆರಿಸಿಕೊಂಡ ಆರು ವಿಷಯಗಳು ಅದೇ ಮಟ್ಟದಲ್ಲಿ ಇನ್ನೊಂದರಲ್ಲಿ ಇರುತ್ತವೆ ಎಂಬ ಭರವಸೆ ಇಲ್ಲ, ಇದ್ದರೂ ಪಾಠದ ಅನುಕ್ರಮ ಬೇರೆಯಾಗಿರುತ್ತದೆ. ಭಾರತದ ಸಿಬಿಎಸ್‌ಇ ಕೂಡ ಹತ್ತು ಮತ್ತು ಹನ್ನೆರಡನೇ ತರಗತಿಗಳಿಗೆ ಹೊಸಬರಿಗೆ ನೇರ ಪ್ರವೇಶ ಕೊಡುವುದಿಲ್ಲ. ಪೋಷಕರ ವರ್ಗಾವಣೆಯಂಥ ಕಾರಣಗಳಿಗೆ ಮಾತ್ರ ವಿನಾಯಿತಿ ಉಂಟು. ಕಂಪನಿಯೊಡನೆ ಹೊರಡುವ ದಿನಾಂಕದ ಮಾತುಕತೆ ನಡೆಸಲು ಅವಕಾಶವಿದ್ದರೆ, ಸಂಬಳದ ಒಂದು ಅಂಶವನ್ನು ಬಿಟ್ಟುಕೊಟ್ಟಾದರೂ ಈ ಎರಡು ಘಟ್ಟಗಳ ನಡುವೆ ಬೀಳದಂತೆ ನೋಡಿಕೊಳ್ಳುವುದು ಲಾಭದಾಯಕ.

ತರಗತಿಯ ಸಂಖ್ಯೆಗಳಲ್ಲೂ ಒಂದು ಗೊಂದಲ ಕಾದಿರುತ್ತದೆ. ಇಂಗ್ಲೆಂಡಿನ ಪದ್ಧತಿಯಲ್ಲಿ ಐದು ತುಂಬಿದ ಮಗು ಇಯರ್ ಒಂದಕ್ಕೆ ಸೇರುತ್ತದೆ. ಅಮೆರಿಕದ ಪದ್ಧತಿಯಲ್ಲಿ ಅದೇ ವಯಸ್ಸಿನ ಮಗು ಕಿಂಡರ್‌ಗಾರ್ಟನ್‌ನಲ್ಲಿರುತ್ತದೆ. ಹೀಗಾಗಿ ಇಯರ್ 7 ಎಂದರೆ ಗ್ರೇಡ್ 6, ಇಯರ್ 13 ಎಂದರೆ ಗ್ರೇಡ್ 12. ಮಗುವನ್ನು ಒಂದು ತರಗತಿ ಹಿಂದಕ್ಕೆ ಹಾಕಿದರು ಎಂದು ಪೋಷಕರು ಮುನಿಸಿಕೊಳ್ಳುವ ಎಷ್ಟೋ ಪ್ರಸಂಗಗಳಲ್ಲಿ ನಡೆದಿರುವುದು ಇಷ್ಟೇ. ಇದಕ್ಕಿಂತ ನಿಜವಾದ ತೊಡಕು ಶೈಕ್ಷಣಿಕ ವರ್ಷದ್ದು. ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಶಾಲೆಗಳು ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಆರಂಭವಾಗುತ್ತವೆ, ಆಸ್ಟ್ರೇಲಿಯಾದಲ್ಲಿ ಜನವರಿಯ ಕೊನೆಯ ಸುಮಾರಿಗೆ, ಜಪಾನಿನಲ್ಲಿ ಏಪ್ರಿಲ್‌ನಲ್ಲಿ. ಒಂದು ಗೋಳಾರ್ಧದಿಂದ ಇನ್ನೊಂದಕ್ಕೆ ಹೋಗುವ ಮಗು ಅರ್ಧ ವರ್ಷ ಮುಂದಕ್ಕೆ ಹಾರಬೇಕು, ಇಲ್ಲವೇ ಅರ್ಧ ವರ್ಷ ಮತ್ತೆ ಓದಬೇಕು. ಚಿಕ್ಕ ಮಕ್ಕಳ ವಿಷಯದಲ್ಲಿ ಮತ್ತೆ ಓದುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಹೊಸ ಭಾಷೆ ಮತ್ತು ಹೊಸ ಸಹಪಾಠಿಗಳ ನಡುವೆ ಪಾಠವೊಂದಾದರೂ ಪರಿಚಿತವಾಗಿರುವುದು ಮಗುವಿಗೆ ದೊಡ್ಡ ಆಸರೆ.

ಬ್ರಿಟಿಷ್, ಅಮೆರಿಕನ್, ಐಬಿ

ಹೊರದೇಶಗಳ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಮುಖ್ಯವಾಗಿ ಎದುರಾಗುವ ಆಯ್ಕೆಗಳು ಈ ಮೂರು.

ಬ್ರಿಟಿಷ್ ಪದ್ಧತಿಯ ಗುಣ ಅದರ ಸ್ಪಷ್ಟತೆ. ಯಾವ ವಯಸ್ಸಿನಲ್ಲಿ ಏನು ಕಲಿತಿರಬೇಕು ಎಂಬುದು ಹಂತಹಂತವಾಗಿ ಬರೆದಿರುತ್ತದೆ. ಹದಿನಾರರ ಸುಮಾರಿಗೆ ಐಜಿಸಿಎಸ್‌ಇ ಎಂಬ ಹೊರಗಿನ ಪರೀಕ್ಷೆ, ಹದಿನೆಂಟಕ್ಕೆ ಎ ಲೆವೆಲ್. ಕೇಂಬ್ರಿಜ್‌ನ ಐಜಿಸಿಎಸ್‌ಇ 1988ರಿಂದ ನಡೆಯುತ್ತಿದ್ದು, ಉತ್ತರಪತ್ರಿಕೆಗಳ ಮೌಲ್ಯಮಾಪನ ಶಾಲೆಯ ಹೊರಗೆ ನಡೆಯುವುದರಿಂದ ಅಂಕಗಳಿಗೆ ದೇಶ ದೇಶಗಳಲ್ಲಿ ಬೆಲೆಯಿದೆ. ಎ ಲೆವೆಲ್‌ನಲ್ಲಿ ವಿದ್ಯಾರ್ಥಿ ಸಾಮಾನ್ಯವಾಗಿ ಮೂರು ವಿಷಯಗಳನ್ನು ಮಾತ್ರ ಓದುತ್ತಾನೆ, ಆದರೆ ಬಹಳ ಆಳಕ್ಕೆ ಇಳಿದು ಓದುತ್ತಾನೆ. ಗಣಿತ ಮತ್ತು ಭೌತವಿಜ್ಞಾನ ಬಿಟ್ಟರೆ ಬೇರೇನೂ ಬೇಡ ಎನ್ನುವ ಹುಡುಗನಿಗೋ ಹುಡುಗಿಗೋ ಇದಕ್ಕಿಂತ ಒಪ್ಪುವ ಪದ್ಧತಿ ಇನ್ನೊಂದಿಲ್ಲ. ಹದಿನಾರಕ್ಕೇ ವಿಷಯಗಳನ್ನು ಇಷ್ಟು ಕಿರಿದುಗೊಳಿಸಿಕೊಳ್ಳಲು ಸಿದ್ಧವಿಲ್ಲದ ಮಗುವಿಗೆ ಅದೇ ಕಟ್ಟುಪಾಡಾಗುತ್ತದೆ. ಮುಂದೆ ಓದಬಯಸುವ ದೇಶದ ವಿಶ್ವವಿದ್ಯಾಲಯ ಹನ್ನೆರಡನೇ ತರಗತಿಯ ಮಟ್ಟದಲ್ಲಿ ಐದು ವಿಷಯಗಳನ್ನು ಕೇಳುವುದಾದರೆ ತೊಂದರೆಯೂ ಆಗಬಹುದು.

ಅಮೆರಿಕನ್ ಪದ್ಧತಿಗೆ ದೇಶವ್ಯಾಪಿಯಾದ ಒಂದು ಅಂತಿಮ ಪರೀಕ್ಷೆ ಇಲ್ಲ. ಒಂಬತ್ತರಿಂದ ಹನ್ನೆರಡನೇ ಗ್ರೇಡ್‌ವರೆಗಿನ ನಾಲ್ಕು ವರ್ಷಗಳ ಪ್ರತಿಯೊಂದು ಕೋರ್ಸಿನ ಫಲಿತಾಂಶವೂ ಕ್ರೆಡಿಟ್ ರೂಪದಲ್ಲಿ ಜಮೆಯಾಗುತ್ತ ಹೋಗಿ, ಕೊನೆಗೆ ಶಾಲೆಯೇ ಡಿಪ್ಲೊಮಾ ಕೊಡುತ್ತದೆ. ಈ ಕಾರಣದಿಂದಲೇ, ಓದಿನ ನಡುವೆ ಊರು ಬದಲಿಸಲೇಬೇಕಾದ ಹದಿಹರೆಯದ ಮಕ್ಕಳಿಗೆ ಮೂರು ಪದ್ಧತಿಗಳಲ್ಲಿ ಹೆಚ್ಚು ಹೊಂದಿಕೊಳ್ಳುವುದು ಇದೇ. ಹತ್ತನೇ ಗ್ರೇಡ್ ಮುಗಿಸಿ ಬಂದವರ ಕ್ರೆಡಿಟ್‌ಗಳು ಹೊಸ ಶಾಲೆಯ ಲೆಕ್ಕಕ್ಕೆ ಸೇರಬಲ್ಲವು. ಅದರ ಕೊರತೆಯೂ ಅಲ್ಲೇ ಇದೆ: ಶಾಲೆ ಕೊಟ್ಟ ಅಂಕಗಳನ್ನು ಹೊರಗಿನವರು ಎಷ್ಟರ ಮಟ್ಟಿಗೆ ನಂಬಬೇಕು? ಅಮೆರಿಕದ ಹೊರಗಿನ ಎಷ್ಟೋ ವಿಶ್ವವಿದ್ಯಾಲಯಗಳು ಬರಿಯ ಡಿಪ್ಲೊಮಾವನ್ನು ಒಪ್ಪದೆ ಎಪಿ, ಅಂದರೆ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್, ಪರೀಕ್ಷೆಗಳನ್ನೂ ಕೇಳುವುದು ಇದಕ್ಕಾಗಿಯೇ. ಅಮೆರಿಕದ ಕಾಲೇಜ್ ಬೋರ್ಡ್ ಸಂಸ್ಥೆ 1955ರಿಂದ ನಡೆಸುತ್ತಿರುವ ಎಪಿ ಪರೀಕ್ಷೆಗಳು ವಿಷಯವಾರು ಪ್ರತ್ಯೇಕವಾಗಿದ್ದು, ಒಂದರಿಂದ ಐದರವರೆಗೆ ಶ್ರೇಣಿ ಕೊಡುತ್ತವೆ. ಆದ್ದರಿಂದ ಅಮೆರಿಕನ್ ಶಾಲೆಯನ್ನು ನೋಡಲು ಹೋದಾಗ, ಎಷ್ಟು ಎಪಿ ವಿಷಯಗಳನ್ನು ನಿಜವಾಗಿ ಬೋಧಿಸುತ್ತಾರೆ, ಕಳೆದ ವರ್ಷ ಎಷ್ಟು ಮಕ್ಕಳು ಬರೆದರು, ಯಾವ ಶ್ರೇಣಿಗಳು ಬಂದವು ಎಂಬ ಮೂರನ್ನೂ ಕೇಳಲೇಬೇಕು. ಅಮೆರಿಕಕ್ಕೇ ಮರಳುವ ಅಥವಾ ಅಲ್ಲಿಯೇ ಕಾಲೇಜು ಓದುವ ಮಕ್ಕಳಿಗೆ ಈ ಚಿಂತೆ ಕಡಿಮೆ.

ಐಬಿಯಲ್ಲಿ ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ಕಾರ್ಯಕ್ರಮಗಳಿವೆ: ಮೂರರಿಂದ ಹನ್ನೆರಡು ವಯಸ್ಸಿನವರಿಗೆ ಪಿವೈಪಿ, ಹನ್ನೊಂದರಿಂದ ಹದಿನಾರಕ್ಕೆ ಎಂವೈಪಿ, ಹದಿನಾರರಿಂದ ಹತ್ತೊಂಬತ್ತಕ್ಕೆ ಡಿಪ್ಲೊಮಾ. ಮೊದಲ ಎರಡು ಪಾಠಪಟ್ಟಿಗಳಲ್ಲ, ಬೋಧನೆಯ ಚೌಕಟ್ಟುಗಳು. ಹೇಗೆ ಕಲಿಸಬೇಕೆಂಬುದನ್ನು ಅವು ವಿವರವಾಗಿ ಹೇಳುತ್ತವೆ; ಯಾವ ವರ್ಷ ಯಾವ ಪಾಠ ಎಂಬುದನ್ನು ಬಹುಪಾಲು ಶಾಲೆಗೇ ಬಿಡುತ್ತವೆ. ಒಂದು ದೇಶದ ಪಿವೈಪಿ ಶಾಲೆಯಿಂದ ಇನ್ನೊಂದು ದೇಶದ ಪಿವೈಪಿ ಶಾಲೆಗೆ ಹೋದ ಮಗುವಿಗೆ ತರಗತಿಯ ವಾತಾವರಣ ಪರಿಚಿತವಾಗಿರುತ್ತದೆ, ಆದರೆ ಭಿನ್ನರಾಶಿಯ ಪಾಠ ಅಲ್ಲಿ ಎಂದೋ ಮುಗಿದಿರಬಹುದು, ಇಲ್ಲವೇ ಮುಂದಿನ ವರ್ಷಕ್ಕೆ ಉಳಿದಿರಬಹುದು. ಐಬಿ ಎಂದರೆ ಎಲ್ಲಿ ಬಿಟ್ಟರೂ ಅಲ್ಲಿಂದಲೇ ಮುಂದುವರಿಸಬಹುದು ಎಂದು ಪ್ರವೇಶ ವಿಭಾಗದವರು ಹೇಳುವ ಮಾತನ್ನು ಅರ್ಧಕ್ಕೇ ನಂಬಿದರೆ ಸಾಕು. ಐಬಿ ಡಿಪ್ಲೊಮಾ ಕೊಡುವ ಎಷ್ಟೋ ಶಾಲೆಗಳು ಎಂವೈಪಿಯನ್ನು ಬಿಟ್ಟು ಹದಿನಾರರವರೆಗೆ ಐಜಿಸಿಎಸ್‌ಇಯನ್ನೇ ನಡೆಸುವುದನ್ನೂ ಗಮನಿಸಬಹುದು.

ಡಿಪ್ಲೊಮಾದ ಮಾತು ಬೇರೆ. ಆರು ವಿಷಯಗಳು, ಅವುಗಳಲ್ಲಿ ಸಾಮಾನ್ಯವಾಗಿ ಮೂರು ಉನ್ನತ ಮಟ್ಟದಲ್ಲಿ, ಪ್ರತಿ ವಿಷಯಕ್ಕೆ ಗರಿಷ್ಠ ಏಳರಂತೆ 42 ಅಂಕ, ಜ್ಞಾನಮೀಮಾಂಸೆಯ ಕೋರ್ಸ್ ಮತ್ತು ನಾಲ್ಕು ಸಾವಿರ ಪದಗಳ ಮಿತಿಯ ಸಂಶೋಧನಾ ಪ್ರಬಂಧಕ್ಕೆ ಸೇರಿ ಇನ್ನು ಮೂರು, ಒಟ್ಟು 45. ತೇರ್ಗಡೆಗೆ ಕನಿಷ್ಠ 24 ಅಂಕಗಳ ಜೊತೆಗೆ ಬೇರೆ ಕೆಲವು ಷರತ್ತುಗಳೂ ಇವೆ. ಭಾಷೆ, ಸಮಾಜ, ವಿಜ್ಞಾನ, ಗಣಿತ ಯಾವುದನ್ನೂ ಕೈಬಿಡುವಂತಿಲ್ಲವಾದ್ದರಿಂದ, ಯಾವ ದೇಶದ ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂದು ಇನ್ನೂ ನಿರ್ಧರಿಸದ, ಬರವಣಿಗೆಗೆ ಅಂಜದ ಮಗುವಿಗೆ ಇದು ಒಳ್ಳೆಯ ಆಯ್ಕೆ. ಒಂದೆರಡು ವಿಷಯಗಳಲ್ಲಿ ಮಾತ್ರ ಮಿಂಚುವ ಮಗುವಿಗಾದರೆ ಉಳಿದ ನಾಲ್ಕು ವಿಷಯಗಳು ಅಂಕಗಳನ್ನು ಕೆಳಗೆಳೆಯುತ್ತವೆ. ಅಂಥ ಮಗುವನ್ನು ಪ್ರತಿಷ್ಠೆಗಾಗಿ ಐಬಿಗೆ ಸೇರಿಸುವುದು ಅನ್ಯಾಯ. ಗಣಿತದಲ್ಲಿ ಎರಡು ಬೇರೆ ಬೇರೆ ಕೋರ್ಸ್‌ಗಳಿದ್ದು, ವಿಶ್ಲೇಷಣೆಗೆ ಒತ್ತು ಕೊಡುವುದು ಒಂದು, ಅನ್ವಯಕ್ಕೆ ಒತ್ತು ಕೊಡುವುದು ಇನ್ನೊಂದು. ಕೆಲವು ಎಂಜಿನಿಯರಿಂಗ್ ಕೋರ್ಸ್‌ಗಳು ಮೊದಲನೆಯದನ್ನು ಉನ್ನತ ಮಟ್ಟದಲ್ಲಿ ಓದಿರಬೇಕೆಂದು ಕೇಳುತ್ತವೆ. ಚಿಕ್ಕ ಐಬಿ ಶಾಲೆಗಳಲ್ಲಿ ಅದನ್ನು ಬೋಧಿಸುವ ವ್ಯವಸ್ಥೆ ಇಲ್ಲದಿರುವುದೂ ಉಂಟು.

ತಾಯ್ನಾಡಿನ ಪಠ್ಯಕ್ರಮದ ಶಾಲೆಗಳು

ವಾಪಸಾಗುವ ವರ್ಷ ಖಚಿತವಾಗಿರುವವರು ಈ ಆಯ್ಕೆಯನ್ನು ಮೊದಲು ನೋಡಬೇಕು. ವಿಚಿತ್ರವೆಂದರೆ ಹೆಚ್ಚಿನವರು ಕೊನೆಗೆ ನೋಡುತ್ತಾರೆ. ಫ್ರಾನ್ಸ್ ಸರ್ಕಾರದ ಸಂಸ್ಥೆಯೊಂದು 1990ರಿಂದ ಹೊರದೇಶಗಳ ಫ್ರೆಂಚ್ ಶಾಲೆಗಳ ಜಾಲವನ್ನು ನಡೆಸುತ್ತಿದ್ದು, ಅದರಲ್ಲಿ ಐನೂರಕ್ಕೂ ಹೆಚ್ಚು ಶಾಲೆಗಳಿವೆ. ಫ್ರಾನ್ಸಿನ ಪಠ್ಯಕ್ರಮವನ್ನೇ ಎಲ್ಲ ಕಡೆಯೂ ಅನುಸರಿಸುವುದರಿಂದ, ಐಬಿ ಹೆಸರಿನಲ್ಲಿ ಜನ ನಿರೀಕ್ಷಿಸುವ ಆ ತಡೆಯಿಲ್ಲದ ವರ್ಗಾವಣೆ ನಿಜವಾಗಿ ಇರುವುದು ಇಂಥ ಜಾಲದಲ್ಲಿ. ಆದರೆ ಫ್ರೆಂಚ್ ಬಾರದ ಮಗುವಿಗೆ ಶಿಶುವಿಹಾರದ ಹಂತ ದಾಟಿದ ಮೇಲೆ ಪ್ರವೇಶ ಸುಲಭವಲ್ಲ. ಜರ್ಮನ್ ಶಾಲೆಗಳು ಹೊರದೇಶಗಳಲ್ಲೂ ಅಬಿಟೂರ್ ಎಂಬ ಜರ್ಮನಿಯ ಶಾಲಾಂತ್ಯ ಪರೀಕ್ಷೆಗೆ ಸಿದ್ಧಪಡಿಸುತ್ತವೆ. ಜಪಾನಿ ಶಾಲೆಗಳು ಬಹುಮಟ್ಟಿಗೆ ಕಡ್ಡಾಯ ಶಿಕ್ಷಣದ ಒಂಬತ್ತು ವರ್ಷಗಳಿಗೆ ಮುಗಿದುಬಿಡುತ್ತವೆ. ಪ್ರೌಢಶಾಲೆಯ ಮೇಲಿನ ಹಂತಕ್ಕೆ ಬೇರೆ ದಾರಿ ಹುಡುಕಬೇಕು. ಭಾರತೀಯ ಪಠ್ಯಕ್ರಮದ ಶಾಲೆಗಳು ಕೊಲ್ಲಿ ದೇಶಗಳಲ್ಲಿ ಹೇರಳವಾಗಿವೆ, ಆಗ್ನೇಯ ಏಷ್ಯಾದಲ್ಲಿ ಸಾಕಷ್ಟಿವೆ, ಯುರೋಪಿನಲ್ಲಿ ವಿರಳ.

ಈ ಶಾಲೆಗಳ ಶುಲ್ಕ ಅದೇ ಊರಿನ ಬ್ರಿಟಿಷ್ ಅಥವಾ ಐಬಿ ಶಾಲೆಗಳಿಗಿಂತ ಸಾಮಾನ್ಯವಾಗಿ ಕಡಿಮೆ. ಮರಳಿದಾಗ ತರಗತಿ ತಪ್ಪುವುದಿಲ್ಲ, ತಾಯ್ನಾಡಿನ ಭಾಷೆ ಮರೆಯುವುದಿಲ್ಲ. ಇವುಗಳ ಮಿತಿಯೆಂದರೆ, ಮಗು ದೇಶ ಬದಲಿಸಿಯೂ ತನ್ನವರ ನಡುವೆಯೇ ಉಳಿದುಬಿಡುತ್ತದೆ. ಇದು ದೋಷವೋ ಗುಣವೋ ಎಂಬುದನ್ನು ಆಯಾ ಕುಟುಂಬವೇ ನಿರ್ಧರಿಸಬೇಕು. ಎರಡು ವರ್ಷಕ್ಕೆ ಹೋಗಿಬರುವ ಹದಿಮೂರರ ಮಗುವಿಗೆ ಇದು ಗುಣವೇ ಸರಿ.

ಐರೋಪ್ಯ ಒಕ್ಕೂಟದ ಸಂಸ್ಥೆಗಳ ನೌಕರರಿಗೆ ಇನ್ನೊಂದು ದಾರಿಯಿದೆ. 1953ರಲ್ಲಿ ಲಕ್ಸೆಂಬರ್ಗಿನಲ್ಲಿ ಆರಂಭವಾದ ಯುರೋಪಿಯನ್ ಸ್ಕೂಲ್‌ಗಳಲ್ಲಿ ಭಾಷಾವಾರು ವಿಭಾಗಗಳಿದ್ದು, ಮಗು ಸಾಧ್ಯವಾದಷ್ಟು ಮಾತೃಭಾಷೆಯಲ್ಲೇ ಕಲಿಯುತ್ತದೆ. ಹೊರಗಿನವರಿಗೆ ಶುಲ್ಕವೂ ಇದೆ, ಸ್ಥಳಾಭಾವವೂ ಇದೆ.

ಸ್ಥಳೀಯ ಸರ್ಕಾರಿ ಶಾಲೆ

ಅಂತರರಾಷ್ಟ್ರೀಯ ಶಾಲೆಗಳ ಹೋಲಿಕೆಯಲ್ಲಿ ಸರ್ಕಾರಿ ಶಾಲೆಯ ಪ್ರಸ್ತಾಪ ಏಕೆ ಎನ್ನಿಸಬಹುದು. ಐದಾರು ವರ್ಷಕ್ಕೂ ಹೆಚ್ಚು ಕಾಲ ಇರುವ ಉದ್ದೇಶವಿದ್ದು, ಮಗು ಎಂಟರ ಒಳಗಿದ್ದರೆ, ಎಷ್ಟೋ ದೇಶಗಳಲ್ಲಿ ಅದೇ ಸರಿಯಾದ ಆಯ್ಕೆ; ಹಣ ಉಳಿಯುತ್ತದೆ ಎಂಬುದು ಕಾರಣಗಳಲ್ಲಿ ಕೊನೆಯದು. ನೆರೆಯ ಮಕ್ಕಳೊಡನೆ ಬೆಳೆದ ಮಗುವಿಗೆ ಆ ದೇಶದ ಭಾಷೆ ಬರುತ್ತದೆ, ಗೆಳೆಯರು ಪ್ರತಿ ಜೂನ್‌ನಲ್ಲಿ ಊರು ಬಿಟ್ಟು ಹೋಗುವುದಿಲ್ಲ. ಜರ್ಮನಿ, ಫ್ರಾನ್ಸ್ ಮೊದಲಾದ ಕಡೆ ಹೊಸದಾಗಿ ಬಂದ ಮಕ್ಕಳಿಗೆ ಭಾಷೆ ಕಲಿಸುವ ವಿಶೇಷ ತರಗತಿಗಳೂ ಇವೆ. ಆದರೆ ದೇಶದ ವ್ಯವಸ್ಥೆಯನ್ನು ತಿಳಿಯದೆ ಮುನ್ನುಗ್ಗಬಾರದು. ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ ನಾಲ್ಕನೇ ತರಗತಿಯ ನಂತರ, ಅಂದರೆ ಹತ್ತರ ಸುಮಾರಿಗೆ, ಮಕ್ಕಳನ್ನು ಬೇರೆ ಬೇರೆ ಬಗೆಯ ಪ್ರೌಢಶಾಲೆಗಳಿಗೆ ವಿಂಗಡಿಸುತ್ತಾರೆ. ಒಂಬತ್ತರಲ್ಲಿ ಬಂದ ಮಗುವಿಗೆ ಒಂದು ವರ್ಷದಲ್ಲಿ ಅಷ್ಟು ಜರ್ಮನ್ ಬರುವುದು ಕಠಿಣ. ಸಿಂಗಪುರದಲ್ಲಿ ಹೊರದೇಶದ ಮಕ್ಕಳು ಸರ್ಕಾರಿ ಶಾಲೆಯ ನಡುವಿನ ತರಗತಿಗಳಿಗೆ ಸೇರಲು ಪ್ರವೇಶ ಪರೀಕ್ಷೆ ಬರೆಯಬೇಕು, ಪಾಸಾದರೂ ಸ್ಥಳವಿದ್ದರೆ ಮಾತ್ರ ಪ್ರವೇಶ. ಕೊಲ್ಲಿ ದೇಶಗಳ ಸರ್ಕಾರಿ ಶಾಲೆಗಳು ಮುಖ್ಯವಾಗಿ ತಮ್ಮ ಪ್ರಜೆಗಳಿಗಾಗಿ ಅರಬ್ಬಿ ಮಾಧ್ಯಮದಲ್ಲಿ ನಡೆಯುವುದರಿಂದ ಅಲ್ಲಿ ಖಾಸಗಿ ಶಾಲೆಯೇ ಗತಿ.

ಪ್ರಯಾಣದ ಗೊಡವೆಯೇ ಬೇಡವೆಂದು ಆನ್‌ಲೈನ್ ಶಾಲೆಯನ್ನು ಯೋಚಿಸುವವರು ಮೊದಲು ಕಾನೂನು ನೋಡಬೇಕು. ಜರ್ಮನಿಯಲ್ಲಿ ಮಗು ಶಾಲೆಗೆ ಹಾಜರಾಗುವುದು ಕಡ್ಡಾಯ. ಮನೆಯಲ್ಲಿ ಕುಳಿತು ಓದಿದರೆ ಅದು ಶಾಲೆಯ ಲೆಕ್ಕಕ್ಕೆ ಬರುವುದಿಲ್ಲ.

ಭಾಷೆಯ ವಿಷಯದಲ್ಲಿ ಅವಸರ ಬೇಡ

ಮಕ್ಕಳು ಆರು ತಿಂಗಳಲ್ಲಿ ಹೊಸ ಭಾಷೆ ಕಲಿತುಬಿಡುತ್ತಾರೆ ಎಂಬ ನಂಬಿಕೆಯಿಂದ ಆಗುವಷ್ಟು ಹಾನಿ ಬೇರೆ ಯಾವುದರಿಂದಲೂ ಆಗುವುದಿಲ್ಲವೇನೋ. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ತೋರಿಸಿದ ವ್ಯತ್ಯಾಸ ಇಲ್ಲಿ ಬಹಳ ಮುಖ್ಯ. ಆಟದ ಬಯಲಿನಲ್ಲಿ ಸಾಕಾಗುವ ಮಾತು ಒಂದೆರಡು ವರ್ಷಗಳಲ್ಲಿ ಬರುತ್ತದೆ; ಇತಿಹಾಸದ ಪಾಠ ಓದಿ ಅರ್ಥಮಾಡಿಕೊಂಡು ಉತ್ತರ ಬರೆಯಲು ಬೇಕಾದ ಭಾಷೆ ಜೊತೆಯ ಮಕ್ಕಳ ಮಟ್ಟಕ್ಕೆ ಬರಲು ಐದರಿಂದ ಏಳು ವರ್ಷ ಬೇಕಾಗಬಹುದು. ಸರಾಗವಾಗಿ ಮಾತಾಡುವ ಮಗು ಪರೀಕ್ಷೆಯಲ್ಲಿ ಹಿಂದೆ ಬಿದ್ದಾಗ ಅದನ್ನು ದಡ್ಡತನವೆಂದೋ ಸೋಮಾರಿತನವೆಂದೋ ತಿಳಿಯುವ ಶಿಕ್ಷಕರು ಒಳ್ಳೆಯ ಶಾಲೆಗಳಲ್ಲೂ ಇದ್ದಾರೆ.

ಆದ್ದರಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿರದ ಮಗುವಿಗೆ ಶಾಲೆ ಆರಿಸುವಾಗ, ಹೆಚ್ಚುವರಿ ಭಾಷಾ ಬೋಧನೆ ಎಷ್ಟು ವರ್ಷ ಸಿಗುತ್ತದೆ ಎಂಬ ಪ್ರಶ್ನೆ ಪಠ್ಯಕ್ರಮದ ಪ್ರಶ್ನೆಗಿಂತ ದೊಡ್ಡದು. ಕೆಲವು ಶಾಲೆಗಳಲ್ಲಿ ಅದು ಒಂದೇ ವರ್ಷಕ್ಕೆ ನಿಲ್ಲುತ್ತದೆ, ಕೆಲವೆಡೆ ಅದಕ್ಕೆ ಪ್ರತ್ಯೇಕ ಶುಲ್ಕವಿರುತ್ತದೆ, ಇನ್ನು ಕೆಲವೆಡೆ ಮಗುವನ್ನು ವಿಜ್ಞಾನದ ತರಗತಿಯಿಂದ ಎಬ್ಬಿಸಿ ಭಾಷೆಯ ತರಗತಿಗೆ ಕಳುಹಿಸುತ್ತಾರೆ. ಭಾಷಾ ಶಿಕ್ಷಕರೇ ವಿಜ್ಞಾನದ ತರಗತಿಗೆ ಬಂದು ಮಗುವಿನ ಪಕ್ಕ ಕೂರುವ ಏರ್ಪಾಡಿದ್ದರೆ ಅದು ಶಾಲೆಯ ಮಟ್ಟಕ್ಕೆ ಒಳ್ಳೆಯ ಸಾಕ್ಷಿ. ಮಾತೃಭಾಷೆಗೂ ಜಾಗವಿದೆಯೇ ಎಂದು ಕೇಳುವುದನ್ನು ಮರೆಯಬಾರದು. ಶಾಲೆಯಲ್ಲಿ ಶಿಕ್ಷಕರಿಲ್ಲದ ಭಾಷೆಯ ಸಾಹಿತ್ಯವನ್ನೂ ಐಬಿ ಡಿಪ್ಲೊಮಾದಲ್ಲಿ ಸ್ವಂತವಾಗಿ ಓದಿ ಪರೀಕ್ಷೆಗೆ ಕೂರುವ ಅವಕಾಶವಿದೆ. ಈ ಸೌಲಭ್ಯವನ್ನು ತಾವಾಗಿಯೇ ತಿಳಿಸುವ ಶಾಲೆಗಳಿಗಿಂತ ಕೇಳಿದರೆ ಮಾತ್ರ ತಿಳಿಸುವ ಶಾಲೆಗಳೇ ಹೆಚ್ಚು.

ಮಾನ್ಯತೆ ಮತ್ತು ಮುಂದಿನ ಓದು

ಶಾಲೆಯ ಹೆಸರಿನಲ್ಲಿ ಇಂಟರ್‌ನ್ಯಾಷನಲ್ ಎಂದು ಸೇರಿಸಿಕೊಳ್ಳಲು ಬಹಳ ಕಡೆ ಯಾರ ಅಪ್ಪಣೆಯೂ ಬೇಕಿಲ್ಲ. ಹೆಸರಿನ ಹಿಂದೆ ಏನಿದೆ ಎಂಬುದನ್ನು ತಿಳಿಯಲು ಎರಡು ಬಗೆಯ ಮಾನ್ಯತೆಗಳನ್ನು ಬೇರೆಬೇರೆಯಾಗಿ ನೋಡಬೇಕು. ಒಂದು, ಪಠ್ಯಕ್ರಮ ನಡೆಸಲು ಸಿಕ್ಕಿರುವ ಅಧಿಕಾರ: ಐಬಿಯಲ್ಲಿ ಅಧಿಕೃತ ಶಾಲೆ ಎಂಬುದಕ್ಕೂ ಅಭ್ಯರ್ಥಿ ಶಾಲೆ ಎಂಬುದಕ್ಕೂ ಅಂತರವಿದೆ, ಅಭ್ಯರ್ಥಿ ಶಾಲೆಗೆ ಇನ್ನೂ ಅನುಮತಿ ಸಿಕ್ಕಿಲ್ಲ, ಸಿಕ್ಕೇ ಸಿಗುತ್ತದೆಂಬ ಖಾತ್ರಿಯೂ ಇಲ್ಲ. ಇನ್ನೊಂದು, ಇಡೀ ಶಾಲೆಯ ಆಡಳಿತ, ಶಿಕ್ಷಕರ ಅರ್ಹತೆ, ಮಕ್ಕಳ ಸುರಕ್ಷತೆಗಳನ್ನು ಪರಿಶೀಲಿಸುವ ಸಂಸ್ಥೆಗಳ ಮಾನ್ಯತೆ. ಕೌನ್ಸಿಲ್ ಆಫ್ ಇಂಟರ್‌ನ್ಯಾಷನಲ್ ಸ್ಕೂಲ್ಸ್, ಅಮೆರಿಕದ ನೀಯಾಸ್ಕ್ ಮತ್ತು ವಾಸ್ಕ್ ಈ ಕೆಲಸ ಮಾಡುತ್ತವೆ. ಬ್ರಿಟಿಷ್ ಶಾಲೆಗಳಿಗಾಗಿ ಬ್ರಿಟನ್ ಸರ್ಕಾರದ ಶಿಕ್ಷಣ ಇಲಾಖೆ ರೂಪಿಸಿದ ಹೊರದೇಶ ತಪಾಸಣಾ ಯೋಜನೆಯಿದ್ದು, ಅದರ ವರದಿಗಳನ್ನು ಯಾರು ಬೇಕಾದರೂ ಓದಬಹುದು. ಶಾಲೆಯ ಚಂದದ ಕೈಪಿಡಿಗಿಂತ ಇಂಥ ಒಂದು ವರದಿ ಹೆಚ್ಚು ಉಪಯುಕ್ತ. ಅದರಲ್ಲೂ ಸುಧಾರಣೆ ಬೇಕಾದ ಅಂಶಗಳ ಪುಟವನ್ನು ಮೊದಲು ಓದಬೇಕು.

ವಿಶ್ವವಿದ್ಯಾಲಯಗಳು ಯಾವ ಪ್ರಮಾಣಪತ್ರವನ್ನು ಹೇಗೆ ಪರಿಗಣಿಸುತ್ತವೆ ಎಂಬುದನ್ನು ಶಾಲೆಯಿಂದಲ್ಲ, ಆ ದೇಶದ ಮೂಲದಿಂದಲೇ ತಿಳಿಯಬೇಕು. ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ 1983ರಿಂದ ಐಬಿ ಡಿಪ್ಲೊಮಾವನ್ನು ಹನ್ನೆರಡನೇ ತರಗತಿಗೆ ಸಮಾನವೆಂದು ಒಪ್ಪಿದೆ. ಆದರೆ ವೈದ್ಯಕೀಯಕ್ಕೆ ಹೋಗಬಯಸುವವರು ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನ ಮೂರನ್ನೂ ಓದಿರಬೇಕು, ಐಬಿಯ ವಿಷಯ ಗುಂಪುಗಳಲ್ಲಿ ಈ ಮೂರನ್ನೂ ಒಟ್ಟಿಗೆ ಹಿಡಿಯುವುದು ಸುಲಭವಲ್ಲ. ಜರ್ಮನಿ ಐಬಿಯನ್ನು ಒಪ್ಪುವಾಗ ಭಾಷೆ, ಗಣಿತ ಮತ್ತು ವಿಜ್ಞಾನದ ಆಯ್ಕೆಗಳಿಗೆ ತನ್ನದೇ ಷರತ್ತು ಹಾಕುತ್ತದೆ. ಹದಿನಾರರಲ್ಲಿ ವಿಷಯ ಆರಿಸುವ ದಿನವೇ ಇದನ್ನು ನೋಡಿಕೊಳ್ಳದಿದ್ದರೆ ಹದಿನೆಂಟರಲ್ಲಿ ಸರಿಪಡಿಸಲು ದಾರಿಯಿರುವುದಿಲ್ಲ.

ಹಣ

ಪ್ರಕಟಿತ ವಾರ್ಷಿಕ ಶುಲ್ಕ ಒಟ್ಟು ಖರ್ಚಿನ ಒಂದು ಭಾಗ ಮಾತ್ರ. ಅರ್ಜಿ ಶುಲ್ಕ, ನೋಂದಣಿ ಶುಲ್ಕ, ಕಟ್ಟಡಕ್ಕೆಂದು ಪಡೆಯುವ ಮೊತ್ತ, ಡೆಪಾಸಿಟ್, ಬಸ್ಸು, ಊಟ, ಸಮವಸ್ತ್ರ, ಲ್ಯಾಪ್‌ಟಾಪ್, ಪ್ರವಾಸ, ಹೊರಗಿನ ಪರೀಕ್ಷೆಗಳ ಶುಲ್ಕ ಇವೆಲ್ಲ ಸೇರಿದಾಗಲೇ ಎರಡು ಶಾಲೆಗಳ ನಡುವಿನ ಅಂತರ ತಿಳಿಯುವುದು. ಹಾಂಗ್‌ಕಾಂಗ್‌ನಂಥ ಕಡೆ ಡಿಬೆಂಚರ್ ಎಂಬ ದೊಡ್ಡ ಮೊತ್ತವನ್ನು ಮುಂಗಡವಾಗಿ ಕೇಳುವ ಶಾಲೆಗಳಿವೆ; ಅದು ಮರಳಿ ಬರುತ್ತದೆಯೇ, ವರ್ಷ ವರ್ಷ ಕರಗುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಶುಲ್ಕವನ್ನು ಕಂಪನಿ ಕೊಡುವುದಾದರೆ ಕೇಳಬೇಕಾದದ್ದು ಇನ್ನಷ್ಟಿದೆ: ಎಷ್ಟು ಮಕ್ಕಳಿಗೆ, ಯಾವ ವಯಸ್ಸಿನಿಂದ, ಮೇಲೆ ಹೇಳಿದ ಉಪಶುಲ್ಕಗಳೂ ಸೇರಿವೆಯೇ, ಆ ದೇಶದಲ್ಲಿ ಈ ನೆರವನ್ನು ನೌಕರನ ಆದಾಯವೆಂದು ಪರಿಗಣಿಸಿ ತೆರಿಗೆ ಹಾಕುತ್ತಾರೆಯೇ. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸ ನಡುವೆ ಹೋದರೆ ಆ ಶೈಕ್ಷಣಿಕ ವರ್ಷ ಮುಗಿಯುವವರೆಗೆ ಶುಲ್ಕ ಯಾರ ಹೊಣೆ ಎಂಬುದು ಒಪ್ಪಂದದಲ್ಲಿ ಇರಲೇಬೇಕು. ಕಂಪನಿ ಕೊಡುತ್ತದೆ ಎಂಬ ಒಂದೇ ಕಾರಣಕ್ಕೆ ಅತಿ ದುಬಾರಿ ಶಾಲೆ ಆರಿಸಿ, ಒಪ್ಪಂದ ಮುಗಿದು ಸ್ಥಳೀಯ ಸಂಬಳಕ್ಕೆ ಬಂದಾಗ ಮಗುವನ್ನು ಎಬ್ಬಿಸಿಕೊಂಡು ಬರುವುದು ತೀರ ಸಾಮಾನ್ಯವಾದ ಸಂಗತಿ.

ಶಾಲೆಗೆ ಹೋಗಿ ನೋಡುವಾಗ

ಈಜುಕೊಳ, ರಂಗಮಂದಿರಗಳನ್ನು ತೋರಿಸುವ ಸಿಬ್ಬಂದಿಗೆ ಅವುಗಳ ಬಗ್ಗೆ ಉತ್ತರ ಬಾಯಿಪಾಠವಾಗಿರುತ್ತದೆ. ಕಳೆದ ವರ್ಷ ಎಷ್ಟು ಶಿಕ್ಷಕರು ಬಿಟ್ಟುಹೋದರು ಎಂದು ಕೇಳಿ ನೋಡಬೇಕು. ಹೊರದೇಶದ ಶಿಕ್ಷಕರಿಗೆ ಎರಡು ವರ್ಷದ ಕರಾರು ಸಾಮಾನ್ಯವಾದ್ದರಿಂದ ಸ್ವಲ್ಪ ಬದಲಾವಣೆ ಇದ್ದೇ ಇರುತ್ತದೆ, ಆದರೆ ಕರಾರು ಮುಗಿದೊಡನೆ ಹೆಚ್ಚಿನವರು ಹೊರಟುಹೋಗುವ ಶಾಲೆಯಲ್ಲಿ ಏನೋ ಸರಿಯಿಲ್ಲ. ವರ್ಷದ ನಡುವೆ ಬರುವ ಮತ್ತು ಹೋಗುವ ಮಕ್ಕಳಿಗೆ ಏನು ಏರ್ಪಾಡಿದೆ, ಒಂದೇ ದೇಶದ ಮಕ್ಕಳು ತರಗತಿಯಲ್ಲಿ ಎಷ್ಟು ಪಾಲು ಇದ್ದಾರೆ, ಬಿಡುವಿನ ವೇಳೆಯಲ್ಲಿ ಕೇಳಿಬರುವ ಭಾಷೆ ಯಾವುದು ಎಂಬುದನ್ನೂ ಗಮನಿಸಬೇಕು. ಹೋಗಲಾಗದವರು ವಿಡಿಯೊ ಕರೆಯಲ್ಲಿ ಪ್ರವೇಶ ವಿಭಾಗದವರ ಜೊತೆಗೆ ಅದೇ ತರಗತಿಯ ಒಬ್ಬ ಪೋಷಕರೊಡನೆಯೂ ಮಾತಾಡಿಸಿ ಎಂದು ಕೋರಬಹುದು. ಒಳ್ಳೆಯ ಶಾಲೆಗಳು ಇದಕ್ಕೆ ಹಿಂಜರಿಯುವುದಿಲ್ಲ.

ಕಲಿಕೆಯಲ್ಲಿ ವಿಶೇಷ ನೆರವು ಬೇಕಾದ ಮಗುವಿದ್ದರೆ ಆ ವಿಷಯವನ್ನು ಅರ್ಜಿಯಲ್ಲೇ ಪೂರ್ತಿ ತಿಳಿಸಬೇಕು. ಮುಚ್ಚಿಟ್ಟರೆ ಪ್ರವೇಶ ಸುಲಭವಾದೀತು ಎಂಬ ಸಲಹೆ ಕೊಡುವವರಿದ್ದಾರೆ; ಅದು ಕೆಟ್ಟ ಸಲಹೆ. ಎಷ್ಟೋ ಶಾಲೆಗಳ ಪ್ರವೇಶ ಕರಾರಿನಲ್ಲಿ, ಮಾಹಿತಿ ಮರೆಮಾಚಿದ್ದರೆ ಪ್ರವೇಶ ರದ್ದು ಮಾಡುವ ಹಕ್ಕು ಶಾಲೆಗಿರುತ್ತದೆ. ಖಾಸಗಿ ಅಂತರರಾಷ್ಟ್ರೀಯ ಶಾಲೆ ಎಲ್ಲ ಮಕ್ಕಳನ್ನೂ ಸೇರಿಸಿಕೊಳ್ಳಲೇಬೇಕೆಂಬ ಕಾನೂನು ಬಹಳ ದೇಶಗಳಲ್ಲಿಲ್ಲ, ಜೊತೆಗಿರುವ ಸಹಾಯಕ ಶಿಕ್ಷಕರ ಸಂಬಳವನ್ನು ಪೋಷಕರೇ ಭರಿಸಬೇಕಾಗುವುದೂ ಉಂಟು. ಇಂಥ ಕುಟುಂಬಗಳು ಶಾಲೆ ಖಚಿತವಾಗುವ ತನಕ ಕೆಲಸದ ಒಪ್ಪಂದಕ್ಕೇ ಸಹಿ ಹಾಕದಿರುವುದು ಕ್ಷೇಮ.

ಮನೆಯನ್ನು ಶಾಲೆಯ ನಂತರ ಆರಿಸಬೇಕು. ದೊಡ್ಡ ಊರುಗಳಲ್ಲಿ ಬಸ್ಸಿನಲ್ಲಿ ದಿನಕ್ಕೆ ಎರಡು ಗಂಟೆ ಕಳೆಯುವ ಏಳು ವರ್ಷದ ಮಗುವಿಗೆ ಪಠ್ಯಕ್ರಮ ಎಷ್ಟೇ ಒಳ್ಳೆಯದಿದ್ದರೂ ಪ್ರಯೋಜನವಿಲ್ಲ. ಅಣ್ಣನಿಗೆ ಒಂದು ಶಾಲೆ, ತಂಗಿಗೆ ಇನ್ನೊಂದು ಎಂಬ ಪರಿಸ್ಥಿತಿ ಬಂದರೆ, ಚಿಕ್ಕ ಮಗುವಿನ ಶಾಲೆಯ ಹತ್ತಿರ ಮನೆ ಮಾಡುವುದು ಸರಿ.

ಕಾಗದಪತ್ರಗಳ ಕೆಲಸ ಶಾಲೆ ಗೊತ್ತಾಗುವ ಮೊದಲೇ ಆರಂಭಿಸಬಹುದು. ಕಳೆದ ಎರಡು ಮೂರು ವರ್ಷಗಳ ಅಂಕಪಟ್ಟಿಗಳು, ವರ್ಗಾವಣೆ ಪತ್ರ, ಜನನ ಪ್ರಮಾಣಪತ್ರ, ಲಸಿಕೆಗಳ ದಾಖಲೆ ಎಲ್ಲ ಕಡೆ ಕೇಳುವಂಥವು. ಕೆಲವು ದೇಶಗಳು ಶಾಲೆಯ ದಾಖಲೆಗಳಿಗೆ ಸರ್ಕಾರದ ದೃಢೀಕರಣವನ್ನೂ ಕೇಳುತ್ತವೆ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಅಪೊಸ್ಟೀಲ್ ಎಂಬ ಒಂದೇ ಮುದ್ರೆ ಸಾಕಾಗುತ್ತದೆ, ಸೇರದ ದೇಶಗಳಿಗೆ ರಾಯಭಾರ ಕಚೇರಿಯ ಮೂಲಕ ಹೋಗಬೇಕಾಗುವುದರಿಂದ ವಾರಗಟ್ಟಲೆ ಹೆಚ್ಚು ಹಿಡಿಯುತ್ತದೆ. ಹಿಂದಿನ ಶಾಲೆಯ ಶಿಕ್ಷಕರ ಗೋಪ್ಯ ವರದಿಯನ್ನು ಹೊಸ ಶಾಲೆ ನೇರವಾಗಿ ತರಿಸಿಕೊಳ್ಳುವ ರೂಢಿಯಿರುವುದರಿಂದ, ಬೇಸಿಗೆ ರಜೆಗೆ ಶಾಲೆಯ ಕಚೇರಿ ಮುಚ್ಚುವ ಮುನ್ನವೇ ಆ ಶಿಕ್ಷಕರಿಗೆ ವಿಷಯ ತಿಳಿಸಿ, ಅವರ ಅಧಿಕೃತ ಇಮೇಲ್ ವಿಳಾಸವನ್ನು ಪಡೆದಿಟ್ಟುಕೊಳ್ಳಬೇಕು. ಸ್ಥಳವಿಲ್ಲವೆಂದು ಕಾಯುವ ಪಟ್ಟಿಯಲ್ಲಿಟ್ಟ ಶಾಲೆಗೂ ಈ ದಾಖಲೆಗಳನ್ನು ಪೂರ್ತಿಯಾಗಿ ಸಲ್ಲಿಸಿರಬೇಕು. ಜೂನ್ ಕೊನೆಯಲ್ಲಿ ಇದ್ದಕ್ಕಿದ್ದಂತೆ ಸ್ಥಳ ತೆರವಾದಾಗ ಶಾಲೆಯವರು ಮೊದಲು ಕರೆಯುವುದು ಕಡತ ಪೂರ್ಣವಾಗಿರುವ ಮಗುವಿನ ಮನೆಯವರನ್ನು.